ಕ್ಲಿಂಕ್ ಸ್ಟ್ರೀಟಿನ ಪಾಳು ಗೋಡೆ: ಕಿಟಕಿಯ ಕೆಳಗಿನ ಮೂರು ಬಾಗಿಲು ನೋಡಿದಿರಾ?

ಪ್ರಶ್ನೆ: ನಾವು ಮಂಗಳೂರಿನವರು. ಮಗಳ ಮನೆಗೆಂದು ಲಂಡನ್ನಿಗೆ ಬಂದಿದ್ದೇವೆ. ಮೊನ್ನೆ ಥೇಮ್ಸ್ ದಂಡೆಯ ಬಸವಣ್ಣನವರ ಪ್ರತಿಮೆ ನೋಡಿಕೊಂಡು ನದಿ ಪಕ್ಕದಲ್ಲೇ ನಡೆಯುತ್ತಾ ಬರೊ ಮಾರ್ಕೆಟ್ ತನಕ ಹೋದೆವು. ಅಲ್ಲಿ ಒಂದು ಇಕ್ಕಟ್ಟಾದ ಗಲ್ಲಿಯಲ್ಲಿ ದೊಡ್ಡ ಪಾಳು ಗೋಡೆ ಕಂಡಿತು. ಮೇಲೆ ಹೂವಿನ ಹಾಗೆ ಕೆತ್ತಿದ ದುಂಡನೆ ಕಿಟಕಿ, ಕೆಳಗೆ ಹಳ್ಳದಂಥ ತೋಟ. ಚರ್ಚ್ ಇರಬೇಕು ಅಂದುಕೊಂಡರೆ, ಫಲಕದಲ್ಲಿ ವಿಂಚೆಸ್ಟರ್ ಬಿಷಪ್ಪರ ಅರಮನೆ ಅಂತ ಇತ್ತು. ಊರಲ್ಲಿ ಕೊಡಿಯಾಲ್‌ಬೈಲಿನ ಬಿಷಪ್ ಹೌಸ್ ನೋಡಿದವರು ನಾವು. ಅದನ್ನು ಯಾರೂ ಅರಮನೆ ಅನ್ನುವುದಿಲ್ಲ. ಇಲ್ಲಿ ಬಿಷಪ್ಪರಿಗೆ ಅರಮನೆ ಯಾಕೆ? ವಿಂಚೆಸ್ಟರಿನವರ ಮನೆ ಲಂಡನ್ನಿನಲ್ಲಿ ಯಾಕೆ? ಪಕ್ಕದಲ್ಲೇ ಇರುವ ಜೈಲ್ ಮ್ಯೂಸಿಯಮ್ಮಿಗೂ ಇದಕ್ಕೂ ಏನಾದರೂ ಸಂಬಂಧ ಇದೆಯಾ? ಅಷ್ಟು ದೊಡ್ಡ ಕಟ್ಟಡದಲ್ಲಿ ಆ ಒಂದು ಗೋಡೆ ಮಾತ್ರ ಉಳಿದದ್ದು ಹೇಗೆ?

ಉತ್ತರ: ನೀವು ನೋಡಿದ್ದು ವಿಂಚೆಸ್ಟರ್ ಅರಮನೆಯ ದೊಡ್ಡ ಹಜಾರದ ಪಡುವಣ ಗೋಡೆ. ನಿಮ್ಮ ಪ್ರಶ್ನೆ ಓದಿ ಖುಷಿಯಾಯಿತು. ಆ ಗಲ್ಲಿಯಲ್ಲಿ ದಿನಾ ಸಾವಿರಾರು ಜನ ಓಡಾಡುತ್ತಾರೆ. ಹೆಚ್ಚಿನವರು ಕಿಟಕಿಯ ಫೋಟೋ ತೆಗೆದು ಮುಂದೆ ಹೋಗುತ್ತಾರೆ. ಕಿಟಕಿ ಚೆಂದವೇ. ಆದರೆ ಆ ಮನೆಯಲ್ಲಿ ಏನು ನಡೆಯುತ್ತಿತ್ತು ಅಂತ ಹೇಳುವುದು ಕಿಟಕಿಯಲ್ಲ, ಅದರ ಕೆಳಗೆ ಸಾಲಾಗಿರುವ ಮೂರು ಬಾಗಿಲು. ನಿಮ್ಮ ಪತ್ರದಲ್ಲಿ ಬಾಗಿಲಿನ ಮಾತು ಇಲ್ಲ. ಬಹುಶಃ ಕಣ್ಣು ಮೇಲೆ ಹೋಗಿಬಿಟ್ಟಿರಬೇಕು. ಹಾಗಾಗಿ ಇನ್ನೊಂದು ಸಲ ಹೋಗಿ ಬನ್ನಿ ಅಂತ ಹೇಳುವುದಕ್ಕೇ ಈ ಉತ್ತರವನ್ನು ಸ್ವಲ್ಪ ಉದ್ದ ಬರೆಯುತ್ತಿದ್ದೇನೆ.

ಮೊದಲು ‘ಅರಮನೆ’ ಎಂಬ ಮಾತು. ಇಂಗ್ಲೆಂಡಿನಲ್ಲಿ ಬಿಷಪ್ಪರ ಅಧಿಕೃತ ಮನೆಯನ್ನು ಪ್ಯಾಲೇಸ್ ಅಂತಲೇ ಕರೆಯುವ ರೂಢಿ ಇದೆ. ರೋಮ್ ನಗರದಲ್ಲಿ ಚಕ್ರವರ್ತಿಗಳು ಮನೆ ಕಟ್ಟಿಕೊಂಡಿದ್ದ ಪಾಲಟೈನ್ ಗುಡ್ಡದ ಹೆಸರಿನಿಂದ ಬಂದ ಪದ ಅದು. ಆದರೆ ಇದು ಬರೀ ಹೆಸರಿನ ಮಾತಲ್ಲ. ನಿಮ್ಮೂರಿನ ಬಿಷಪ್ಪರನ್ನು ಮನಸ್ಸಲ್ಲಿ ಇಟ್ಟುಕೊಂಡರೆ ಆ ಕಾಲದ ಬಿಷಪ್ಪ ಅರ್ಥವಾಗುವುದಿಲ್ಲ. ಅವನು ಧರ್ಮಗುರು ಹೌದು. ಅದರ ಜೊತೆಗೆ ದೊಡ್ಡ ಜಮೀನ್ದಾರ. ತನ್ನ ಜಮೀನಿನ ಜನರ ವ್ಯಾಜ್ಯ ತೀರಿಸುವ ನ್ಯಾಯಾಧೀಶ. ಎಷ್ಟೋ ಸಲ ರಾಜನ ಮಂತ್ರಿಯೂ ಅವನೇ. ಆಗ ಓದು ಬರಹ, ಲೆಕ್ಕಪತ್ರ ಚೆನ್ನಾಗಿ ಬಲ್ಲವರು ಜಾಸ್ತಿ ಇದ್ದದ್ದು ಚರ್ಚಿನಲ್ಲೇ. ಆದ್ದರಿಂದ ರಾಜರು ರಾಜ್ಯದ ಖಜಾನೆ, ಮುದ್ರೆ, ಪತ್ರವ್ಯವಹಾರವನ್ನು ಅವರ ಕೈಗೆ ಕೊಡುತ್ತಿದ್ದರು.

ಅವರಲ್ಲೂ ವಿಂಚೆಸ್ಟರಿನ ಬಿಷಪ್ಪನದು ಇಂಗ್ಲೆಂಡಿನಲ್ಲೇ ಅತಿ ಶ್ರೀಮಂತ ಪೀಠ. ಹ್ಯಾಂಪ್‌ಶೈರ್, ಸರ್ರಿ, ಆಕ್ಸ್‌ಫರ್ಡ್‌ಶೈರ್, ದೂರದ ಸಾಮರ್ಸೆಟ್ ತನಕ ಅವನ ಹೊಲ, ಕಾಡು, ಕುರಿಮಂದೆ, ಗಿರಣಿ, ಮೀನಿನ ಕೊಳ ಹರಡಿದ್ದವು. ಇದನ್ನು ನಾವು ಊಹಿಸಬೇಕಾಗಿಲ್ಲ. 1208–09ರಿಂದ ಶುರುವಾದ ಅವರ ಲೆಕ್ಕದ ಸುರುಳಿಗಳು ಇಂದಿಗೂ ವಿಂಚೆಸ್ಟರಿನಲ್ಲಿ ಇವೆ. ತೊಗಲಿನ ಹಾಳೆಗಳನ್ನು ಕೊಳವೆಯ ಹಾಗೆ ಸುತ್ತಿಡುತ್ತಿದ್ದರಿಂದ ಅವನ್ನು ಪೈಪ್ ರೋಲ್ ಅನ್ನುತ್ತಾರೆ. ಯಾವ ಹಳ್ಳಿಯಲ್ಲಿ ಎಷ್ಟು ಗೋಧಿ ಬಿತ್ತಿದರು, ಎಷ್ಟು ಬೆಳೆಯಿತು, ಎಷ್ಟು ಕುರಿ ಸತ್ತವು, ಬಾಗಿಲಿನ ಬೀಗಕ್ಕೆ ಎಷ್ಟು ಖರ್ಚಾಯಿತು ಎಲ್ಲ ಅದರಲ್ಲಿದೆ. 800 ವರ್ಷದ ಹಿಂದಿನ ಫಸಲು ಎಷ್ಟಿತ್ತು ಅಂತ ಇವತ್ತಿನ ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕುವುದೇ ಈ ಸುರುಳಿಗಳನ್ನು ಇಟ್ಟುಕೊಂಡು. ಇಷ್ಟು ಆಸ್ತಿ ಇದ್ದವನ ಮನೆ ಅರಮನೆಯೇ ಆಗಿರಬೇಕಿತ್ತು. ಅದೂ ಒಂದಲ್ಲ. ವಿಂಚೆಸ್ಟರಿನಲ್ಲಿ ವುಲ್ವ್‌ಸಿ, ಅದರ ತೆಂಕಣಕ್ಕೆ ಬಿಷಪ್ಸ್ ವಾಲ್ಥಮ್, ಲಂಡನ್ ದಾರಿಯಲ್ಲಿ ಫಾರ್ನಮ್, ಹೀಗೆ ಬೇರೆ ಬೇರೆ ಕಡೆ ಮನೆಗಳಿದ್ದವು. ಬಿಷಪ್ಪನೂ ಅವನ ಪರಿವಾರವೂ ಒಂದರಿಂದ ಇನ್ನೊಂದಕ್ಕೆ ಸಂಚಾರ ಮಾಡುತ್ತಾ ಇರುತ್ತಿದ್ದರು.

ಹಾಗಾದರೆ ಲಂಡನ್ನಿನಲ್ಲಿ ಯಾಕೆ? ವಿಂಚೆಸ್ಟರ್ ಇರುವುದು ಸುಮಾರು 100 ಕಿಲೋಮೀಟರ್ ಆಚೆ. ಹಳೆಯ ಸ್ಯಾಕ್ಸನ್ ರಾಜರ ಕಾಲದಲ್ಲಿ ಅದೇ ರಾಜಧಾನಿಯಂಥ ಊರಾಗಿತ್ತು. ಆಮೇಲೆ ಅಧಿಕಾರ ನಿಧಾನಕ್ಕೆ ಲಂಡನ್ ಪಕ್ಕದ ವೆಸ್ಟ್‌ಮಿನ್‌ಸ್ಟರಿಗೆ ಸರಿಯಿತು. ರಾಜಸಭೆಗೆ, ಖಜಾನೆ ಕೆಲಸಕ್ಕೆ, ಮುಂದೆ ಪಾರ್ಲಿಮೆಂಟಿಗೆ ಬಿಷಪ್ಪ ಅಲ್ಲಿಗೆ ಬರಲೇಬೇಕಾಯಿತು. ನೂರಾರು ಜನರ ಪರಿವಾರ ಕಟ್ಟಿಕೊಂಡು ಬಂದವನು ಎಲ್ಲಿ ಉಳಿಯಬೇಕು? ಅದಕ್ಕಾಗಿ ಬಹುತೇಕ ಬಿಷಪ್ಪರು ಲಂಡನ್ನಿನಲ್ಲಿ ಒಂದೊಂದು ಮನೆ ಮಾಡಿಕೊಂಡರು. ಡರ್ಹಮಿನವರದು ಸ್ಟ್ರ್ಯಾಂಡ್ ಬೀದಿಯಲ್ಲಿ, ಈಲಿಯವರದು ಹೋಬರ್ನ್ ಹತ್ತಿರ. ಯಾರ್ಕಿನ ಆರ್ಚ್‌ಬಿಷಪ್ಪನ ಮನೆಯನ್ನು 8ನೇ ಹೆನ್ರಿ ಕಿತ್ತುಕೊಂಡು ತನ್ನದು ಮಾಡಿಕೊಂಡ. ಅದೇ ವೈಟ್‌ಹಾಲ್ ಅರಮನೆಯಾಯಿತು. ಇಂದು ಬ್ರಿಟಿಷ್ ಸರ್ಕಾರಕ್ಕೇ ವೈಟ್‌ಹಾಲ್ ಅನ್ನುವುದು ಹಾಗೆ ಬಂದ ರೂಢಿ.

ವಿಂಚೆಸ್ಟರಿನ ಬಿಷಪ್ಪ ಆರಿಸಿಕೊಂಡ ಜಾಗ ಸದರ್ಕ್. ಇಂಗ್ಲಿಷಿನಲ್ಲಿ ಬರೆಯುವುದು ಬೇರೆ ಥರ, ಅಲ್ಲಿನವರು ಹೇಳುವುದು ಸದರ್ಕ್ ಅಂತಲೇ. ಈ ಆಯ್ಕೆಯ ಹಿಂದಿನ ಲೆಕ್ಕಾಚಾರ ನನಗೆ ತುಂಬಾ ಇಷ್ಟ. ಲಂಡನ್ ನಗರ ಇದ್ದದ್ದು ನದಿಯ ಬಡಗಣ ದಂಡೆಯಲ್ಲಿ. ಅಲ್ಲಿ ಲಂಡನ್ನಿನ ಬಿಷಪ್ಪನ ಮಾತು ನಡೆಯುತ್ತಿತ್ತು. ತೆಂಕಣ ದಂಡೆ ಸರ್ರಿ ಸೀಮೆಗೆ ಸೇರಿದ್ದು, ಅದು ವಿಂಚೆಸ್ಟರ್ ಪೀಠದ ಗಡಿಯ ಒಳಗೆ ಬರುತ್ತಿತ್ತು. ಸದರ್ಕ್ ಆ ಪೀಠದ ಅತಿ ದೊಡ್ಡ ಊರೂ ಆಗಿತ್ತು. ಅಂದರೆ ಅವನು ತನ್ನ ಸೀಮೆಯ ಕಟ್ಟಕಡೆಯ ಅಂಚಿನಲ್ಲಿ, ತನ್ನದೇ ನೆಲದ ಮೇಲೆ, ಎದುರಿಗೆ ಲಂಡನ್ ನಗರ ಕಾಣುವ ಹಾಗೆ ಮನೆ ಕಟ್ಟಿದ. ತೆಂಕಣದಿಂದ ಬರುವ ರಸ್ತೆ ಅಲ್ಲಿಗೇ ಬಂದು ಸೇರುತ್ತಿತ್ತು. ಲಂಡನ್ ಸೇತುವೆ ಕೂಗಳತೆಯ ದೂರ. ಮನೆ ಮುಂದೆಯೇ ದೋಣಿ ಹತ್ತಿದರೆ ನೀರಿನ ದಾರಿಯಲ್ಲಿ ವೆಸ್ಟ್‌ಮಿನ್‌ಸ್ಟರ್. ಆಗಿನ ಕೆಸರು ರಸ್ತೆಗಳಿಗಿಂತ ದೋಣಿಯೇ ವಾಸಿ.

ಶುರು ಮಾಡಿದವನು ಬ್ಲುವಾದ ಹೆನ್ರಿ. 1129ರಿಂದ 1171ರ ತನಕ, 42 ವರ್ಷ ವಿಂಚೆಸ್ಟರಿನ ಬಿಷಪ್ಪನಾಗಿದ್ದವನು. ಇಂಗ್ಲೆಂಡನ್ನು ಗೆದ್ದ ವಿಲಿಯಮ್ಮನ ಮೊಮ್ಮಗ, ಸ್ಟೀಫನ್ ರಾಜನ ತಮ್ಮ. ಅಣ್ಣ ಸಿಂಹಾಸನಕ್ಕಾಗಿ ಹೊಡೆದಾಡುತ್ತಿದ್ದ ಕಾಲದಲ್ಲಿ ತಮ್ಮ ಒಂದರ ಮೇಲೊಂದು ಕಟ್ಟಡ ಕಟ್ಟಿಸುತ್ತಿದ್ದ. ಕೋಟೆ, ಅರಮನೆ ಅಷ್ಟೇ ಅಲ್ಲ. ವಿಂಚೆಸ್ಟರಿನಲ್ಲಿ ಬಡವರಿಗಾಗಿ ಸೇಂಟ್ ಕ್ರಾಸ್ ಎಂಬ ಆಶ್ರಯಧಾಮವನ್ನೂ ಕಟ್ಟಿಸಿದ. ಅದು ಇವತ್ತಿಗೂ ನಡೆಯುತ್ತಿದೆ. ದಾರಿಹೋಕರು ಹೋಗಿ ಕೇಳಿದರೆ ಒಂದು ತುಂಡು ಬ್ರೆಡ್, ಒಂದು ಸಣ್ಣ ಲೋಟ ಏಲ್ (ಒಂದು ಬಗೆಯ ಬಿಯರ್) ಕೊಡುವ ಪದ್ಧತಿ ಈಗಲೂ ಇದೆ. ನನ್ನ ಪಾಲಿಗೆ ಅವನ ಕಟ್ಟಡಗಳಲ್ಲೆಲ್ಲ ಅದೇ ದೊಡ್ಡದು. ಅಂದ ಹಾಗೆ ಹೆನ್ರಿಯದೂ ಬಸವಣ್ಣನವರದೂ ಒಂದೇ ಶತಮಾನ, 12ನೆಯದು. ನೀವು ಆವತ್ತು ಪ್ರತಿಮೆಯಿಂದ ಗೋಡೆಗೆ ನಡೆದದ್ದು ಸುಮಾರು ಒಂದು ಗಂಟೆಯ ದಾರಿ. ಹೊರಟ ಕಡೆಯೂ ಮುಟ್ಟಿದ ಕಡೆಯೂ ಅದೇ ಶತಮಾನದ್ದು.

ಈಗ ಬಾಗಿಲುಗಳಿಗೆ ಬರೋಣ.

ಆ ಕಾಲದ ದೊಡ್ಡ ಮನೆಗಳಲ್ಲಿ ಹಜಾರವೇ ಮನೆಯ ಹೃದಯ. ಊಟ, ಸಭೆ, ನ್ಯಾಯ, ಹಬ್ಬ ಎಲ್ಲ ಅಲ್ಲೇ. ಅದಕ್ಕೆ ಎರಡು ತುದಿ. ಒಂದು ಮೇಲಿನ ತುದಿ. ಅಲ್ಲಿ ಯಜಮಾನನ ಊಟದ ಮೇಜು, ಅದರ ಹಿಂದೆ ಅವನ ಖಾಸಗಿ ಕೋಣೆಗಳು. ಇನ್ನೊಂದು ಕೆಳಗಿನ ತುದಿ. ಅಲ್ಲಿಂದ ಊಟ ಬರಬೇಕು. ನೀವು ನೋಡಿದ ಪಡುವಣ ಗೋಡೆ ಈ ಕೆಳಗಿನ ತುದಿ. ಮೂರು ಬಾಗಿಲುಗಳಲ್ಲಿ ಒಂದು ಪಾನೀಯದ ಉಗ್ರಾಣಕ್ಕೆ, ಇನ್ನೊಂದು ಬ್ರೆಡ್ಡಿನ ಉಗ್ರಾಣಕ್ಕೆ, ಮತ್ತೊಂದು ಅಡುಗೆಮನೆಯ ಕಡೆಗೆ. ಅಡುಗೆಮನೆಯನ್ನು ಹಜಾರಕ್ಕೆ ತೀರಾ ಅಂಟಿಸಿ ಕಟ್ಟುತ್ತಿರಲಿಲ್ಲ. ಬೆಂಕಿಯ ಭಯ ಇರುತ್ತಿತ್ತು.

ಪಾನೀಯದ ಉಗ್ರಾಣಕ್ಕೆ ಬಟರಿ ಅನ್ನುತ್ತಾರೆ. ಹೆಸರು ಕೇಳಿ ಬೆಣ್ಣೆ ಇಡುವ ಕೋಣೆ ಅಂದುಕೊಳ್ಳಬೇಡಿ. ಪೀಪಾಯಿಗೆ ಇದ್ದ ಹಳೆಯ ಹೆಸರು ಬಟ್, ಅದರಿಂದ ಬಂದ ಮಾತು. ಏಲ್ ಮತ್ತು ವೈನ್ ಪೀಪಾಯಿಗಳು ಅಲ್ಲಿರುತ್ತಿದ್ದವು. ಬ್ರೆಡ್ಡಿನ ಉಗ್ರಾಣ ಪ್ಯಾಂಟ್ರಿ. ಬ್ರೆಡ್ಡಿಗೆ ಲ್ಯಾಟಿನ್ನಿನಲ್ಲಿ ಪಾನಿಸ್. ಅದೇ ಬೇರಿನಿಂದ ಪೋರ್ಚುಗೀಸರ ‘ಪಾವ್’ ಕೂಡ ಬಂದದ್ದು. ಕರಾವಳಿಯವರಾದ ನಿಮಗೆ ಪಾವ್ ಏನು ಅಂತ ನಾನು ಹೇಳಬೇಕಾ! ಆ ಬಾಗಿಲಿಗೂ ನಿಮ್ಮೂರಿನ ಬೇಕರಿಗೂ ಒಂದೇ ಪದದ ನೆಂಟಸ್ತಿಕೆ.

ಎರಡು ಉಗ್ರಾಣ ಬೇರೆ ಬೇರೆ ಯಾಕೆ ಅಂತ ಕೇಳಬಹುದು. ಬೇರೆ ಬೇರೆ ಮೇಲ್ವಿಚಾರಕರು, ಬೇರೆ ಬೇರೆ ಲೆಕ್ಕ. ಬ್ರೆಡ್ ಎಷ್ಟು ಹೋಯಿತು, ಪಾನೀಯ ಎಷ್ಟು ಹೋಯಿತು ಅಂತ ದಿನದ ಕೊನೆಗೆ ಬರೆದಿಡಬೇಕು. ಮೇಲೆ ಹೇಳಿದ ಲೆಕ್ಕದ ಸುರುಳಿಗಳ ಮನಸ್ಸೇ ಇಲ್ಲಿ ಕಲ್ಲಿನಲ್ಲೂ ಇದೆ. ಊಟದ ಹೊತ್ತಿನಲ್ಲಿ ಈ ಬಾಗಿಲುಗಳಿಂದ ಆಳುಗಳು ತಟ್ಟೆ, ಹೂಜಿ ಹಿಡಿದು ಹೊರಗೆ ಬರುತ್ತಿದ್ದರು. ಪಾಳು ಕಟ್ಟಡ ನೋಡುವಾಗ ನಾವು ಯಜಮಾನ ಎಲ್ಲಿ ಕೂರುತ್ತಿದ್ದ ಅಂತ ಹುಡುಕುತ್ತೇವೆ. ಈ ಮನೆಯಲ್ಲಿ ಅವನ ತುದಿ ಪೂರ್ತಿ ಹೋಗಿದೆ. ಉಳಿದದ್ದು ಬಡಿಸುವವರ ತುದಿ. ನನಗೆ ಆ ಗೋಡೆ ಮುಂದೆ ನಿಂತಾಗಲೆಲ್ಲ ಮನಸ್ಸು ತುಂಬಿಬರುವುದು ಇದಕ್ಕೆ. ಆಳುಗಳ ಹೆಸರು ಯಾವ ಫಲಕದಲ್ಲೂ ಇಲ್ಲ. ಅವರು ದಿನಾ ದಾಟುತ್ತಿದ್ದ ಹೊಸ್ತಿಲುಗಳ ಜಾಗ ಮಾತ್ರ ನಮ್ಮ ಕಣ್ಣ ಮುಂದೆ ಇದೆ.

ಇನ್ನೊಂದು ವಿಷಯ. ಹಜಾರ ಇದ್ದದ್ದು ನೆಲದ ಮಟ್ಟದಲ್ಲಲ್ಲ. ಕೆಳಗೆ ಕಮಾನು ಕಟ್ಟಿದ ನೆಲಮಾಳಿಗೆ, ಅದರ ಮೇಲೆ ಹಜಾರ. ಈಗ ನಡುವಿನ ನೆಲ ಹೋಗಿದೆ. ನೀವು ಹಳ್ಳದಂಥ ತೋಟ ಅಂದಿರಲ್ಲ, ಅದೇ ಆ ನೆಲಮಾಳಿಗೆಯ ಜಾಗ. ಅದರಿಂದಲೇ ಬಾಗಿಲುಗಳ ಮುಂದೆ ಕಾಲಿಡಲು ಏನೂ ಇಲ್ಲ. ಆಗ ನದಿ ಈಗಿನದಕ್ಕಿಂತ ಅಗಲವಾಗಿತ್ತು, ಮನೆಗೆ ಹತ್ತಿರವೂ ಇತ್ತು. ಅರಮನೆಗೆ ಸ್ವಂತ ದೋಣಿಕಟ್ಟೆ ಇತ್ತು. ಸಾಮಾನು ದೋಣಿಯಿಂದ ಇಳಿಸಿ ನೇರ ನೆಲಮಾಳಿಗೆಗೆ ಉರುಳಿಸಬಹುದಿತ್ತು. ಅಲ್ಲಿಂದ ಮೇಲೆ, ಮೇಲಿನಿಂದ ಈ ಬಾಗಿಲುಗಳ ಮೂಲಕ ಮೇಜಿಗೆ. ಒಂದು ಪೀಪಾಯಿಯ ದಾರಿಯನ್ನು ನೀವು ಕಣ್ಣಲ್ಲೇ ಹಿಂಬಾಲಿಸಬಹುದು.

ಕಿಟಕಿಯ ಮಾತು ಬಿಟ್ಟರೆ ತಪ್ಪಾದೀತು. ಅರಮನೆ ಶುರುವಾದದ್ದು 12ನೇ ಶತಮಾನದಲ್ಲಾದರೂ ಈ ಕಿಟಕಿ 14ನೇ ಶತಮಾನದ್ದು. ಅಗಲ ಸುಮಾರು 4 ಮೀಟರ್. ನಡುವೆ ಆರು ಮೂಲೆಯ ಒಂದು ಆಕೃತಿ, ಅದರ ಸುತ್ತ ತ್ರಿಕೋನಗಳು, ಒಟ್ಟು 18. ಹತ್ತಿರದಿಂದ ನೋಡಿದರೆ ತ್ರಿಕೋನಗಳ ಒಳ ಅಂಚು ಎಲೆಯ ಹಾಗೆ ಬಾಗಿರುವುದು ಕಾಣುತ್ತದೆ. ನಮ್ಮ ಶಿಲ್ಪಿಗಳ ಜಾಲಂಧ್ರದ ಹಾಗೆ ಇದೂ ಕಲ್ಲಲ್ಲಿ ಬೆಳಕಿಗೆ ದಾರಿ ಬಿಡುವ ಕೆಲಸ, ಆದರೆ ಇದರ ಕಂಡಿಗಳಿಗೆ ಗಾಜು ಕೂರಿಸಿರುತ್ತಿದ್ದರು. ಇಂಥ ದುಂಡು ಕಿಟಕಿ ಜಾಸ್ತಿ ಸಿಗುವುದು ಚರ್ಚುಗಳಲ್ಲೇ. ಹಾಗಾಗಿ ನೀವು ಚರ್ಚ್ ಅಂದುಕೊಂಡದ್ದು ಸಹಜ. ಅಷ್ಟು ಎತ್ತರಕ್ಕೆ ಇಟ್ಟದ್ದಕ್ಕೂ ಕಾರಣ ಬಾಗಿಲುಗಳೇ. ಗೋಡೆಯ ಆಚೆ ಬದಿಗೆ ಉಗ್ರಾಣಗಳು ತಾಗಿಕೊಂಡಿದ್ದವು. ಕೆಳಗೆ ಕಿಟಕಿ ಇಡಲು ಜಾಗವಿರಲಿಲ್ಲ. ಮೇಲೆ ತ್ರಿಕೋನಾಕಾರದ ಗೋಡೆತುದಿ ಮಾತ್ರ ಖಾಲಿ. ಪಡುವಣ ಗೋಡೆಯಾದ್ದರಿಂದ ಇಳಿಹೊತ್ತಿನ ಬಿಸಿಲು ಆ ಕಲ್ಲಿನ ಹೂವಿನ ಮೂಲಕ ಹಜಾರದೊಳಕ್ಕೆ ಬೀಳುತ್ತಿತ್ತು.

ಆ ಹಜಾರ ಕಂಡ ದೊಡ್ಡ ದಿನ ಅಂದರೆ 1424ರ ಮದುವೆ ಊಟ. ಸ್ಕಾಟ್ಲೆಂಡಿನ ರಾಜ 1ನೇ ಜೇಮ್ಸ್ ಹುಡುಗನಾಗಿದ್ದಾಗ, 1406ರಲ್ಲಿ ಇಂಗ್ಲಿಷರ ಕೈಗೆ ಸಿಕ್ಕಿಬಿದ್ದಿದ್ದ. ಸೆರೆಯಲ್ಲೇ 18 ವರ್ಷ ಕಳೆದ. ಬಿಡುಗಡೆಯ ಹೊತ್ತಿಗೆ ಜೋನ್ ಬೋಫರ್ಟ್ ಎಂಬಾಕೆಯ ಜೊತೆ ಮದುವೆಯಾಯಿತು. ಆಕೆ ಆಗಿನ ಬಿಷಪ್ಪ ಹೆನ್ರಿ ಬೋಫರ್ಟನ ಅಣ್ಣನ ಮಗಳು. ಮದುವೆ ಪಕ್ಕದ ಚರ್ಚಿನಲ್ಲಿ, ಊಟ ಚಿಕ್ಕಪ್ಪನ ಮನೆಯಲ್ಲಿ. ಆ ದಿನ ಈ ಮೂರು ಬಾಗಿಲಲ್ಲಿ ಎಷ್ಟು ಓಡಾಟ ಇದ್ದಿರಬೇಕು!

ಇನ್ನು ಜೈಲಿನ ವಿಷಯ. ಸಂಬಂಧ ಇದೆ, ಗಟ್ಟಿಯಾಗಿಯೇ ಇದೆ. ಅರಮನೆಯ ಸುತ್ತಲಿನ ನೆಲಕ್ಕೆ ‘ಲಿಬರ್ಟಿ ಆಫ್ ದಿ ಕ್ಲಿಂಕ್’ ಅನ್ನುತ್ತಿದ್ದರು. ಲಿಬರ್ಟಿ ಅಂದರೆ ಇಲ್ಲಿ ಸ್ವಾತಂತ್ರ್ಯವಲ್ಲ. ಲಂಡನ್ ನಗರದ ಅಧಿಕಾರಿಗಳ ಮಾತು ನಡೆಯದ, ಬಿಷಪ್ಪನ ಮಾತೇ ನಡೆಯುವ ಜಾಗ. ನ್ಯಾಯ ಅವನದು ಅಂದ ಮೇಲೆ ಜೈಲೂ ಅವನದೇ. ಅದರ ಹೆಸರು ಕ್ಲಿಂಕ್. ಸರಪಳಿಯ ಸದ್ದಿನಿಂದ ಆ ಹೆಸರು ಬಂತು ಅಂತ ಜನ ಹೇಳುತ್ತಾರೆ. ಇಂಗ್ಲಿಷಿನಲ್ಲಿ ಇಂದಿಗೂ ಜೈಲಿಗೆ ಆಡುಮಾತಿನಲ್ಲಿ ಕ್ಲಿಂಕ್ ಅನ್ನುತ್ತಾರೆ. 1780ರಲ್ಲಿ ಗಾರ್ಡನ್ ಎಂಬವನ ಹೆಸರಿನ ದಂಗೆಯಲ್ಲಿ ಜನ ಅದಕ್ಕೆ ಬೆಂಕಿ ಹಚ್ಚಿದರು. ಮತ್ತೆ ಅದು ಏಳಲಿಲ್ಲ.

ಇದೇ ನೆಲದಲ್ಲಿ ವೇಶ್ಯಾಗೃಹಗಳೂ ಇದ್ದವು. ನಗರದೊಳಗೆ ಬೇಡ ಅಂದದ್ದಕ್ಕೆಲ್ಲ ನದಿಯಾಚೆ ಜಾಗ ಸಿಗುತ್ತಿತ್ತು. ಅವುಗಳನ್ನು ನಡೆಸಲು ಬಿಷಪ್ಪನ ಅಧಿಕಾರಿಗಳ ಕೈಕೆಳಗೆ ನಿಯಮಗಳಿದ್ದವು. ಆ ನಿಯಮಪತ್ರ 1161ರದ್ದು ಅಂತ ತನ್ನನ್ನು ತಾನೇ ಹೇಳಿಕೊಳ್ಳುತ್ತದೆ. ನಮಗೆ ಸಿಕ್ಕಿರುವ ಪ್ರತಿ 15ನೇ ಶತಮಾನದ್ದು. ಹೆಣ್ಣುಮಕ್ಕಳನ್ನು ಮನಸ್ಸಿಗೆ ವಿರುದ್ಧವಾಗಿ ಹಿಡಿದಿಡಬಾರದು ಎಂಬಂಥ ಮಾತು ಅದರಲ್ಲಿದೆ ನಿಜ. ಆದರೆ ಅಲ್ಲಿಂದ ಬಂದ ಬಾಡಿಗೆ, ದಂಡದ ಹಣ ಪೀಠದ ಬೊಕ್ಕಸಕ್ಕೂ ಹೋಯಿತು ಎಂಬುದೂ ಅಷ್ಟೇ ನಿಜ. ಆ ಹೆಂಗಸರನ್ನು ಜನ ‘ವಿಂಚೆಸ್ಟರ್ ಬಾತುಗಳು’ ಅಂತ ಹಂಗಿಸುತ್ತಿದ್ದರು. ಪೀಠಕ್ಕೆ ಅವರ ದುಡ್ಡು ಬೇಕಾಗಿತ್ತು. ಆದರೆ ಸತ್ತ ಮೇಲೆ ಅವರಿಗೆ ಚರ್ಚಿನ ಮಣ್ಣು ಕೊಡಲಿಲ್ಲ. ‘ಒಂಟಿ ಹೆಂಗಸರ ಸ್ಮಶಾನ’ ಅಂತ ಬೇರೆಯೇ ಒಂದು ಜಾಗ ಇತ್ತು ಎಂದು 1598ರಲ್ಲಿ ಲಂಡನ್ನಿನ ಚರಿತ್ರೆ ಬರೆದ ಜಾನ್ ಸ್ಟೋ ಹೇಳಿದ್ದಾನೆ. ಅದು ಈಗಿನ ರೆಡ್‌ಕ್ರಾಸ್ ವೇ ಬೀದಿಯ ಕ್ರಾಸ್‌ಬೋನ್ಸ್ ಎಂದು ಜನ ನಂಬುತ್ತಾರೆ. ಮುಂದೆ ಅದು ಬಡವರೆಲ್ಲರ ಸ್ಮಶಾನವಾಗಿ 1853ರಲ್ಲಿ ಮುಚ್ಚಿತು. ಅದರ ಕಬ್ಬಿಣದ ಗೇಟಿಗೆ ಜನ ಬಣ್ಣದ ರಿಬ್ಬನ್, ಹೂವು ಕಟ್ಟಿ ಹೋಗುತ್ತಾರೆ. ಅರಮನೆಯ ಗೋಡೆ ನೋಡಿದವರು ಹತ್ತು ನಿಮಿಷ ನಡೆದು ಅಲ್ಲಿಗೂ ಹೋಗಲೇಬೇಕು ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಕಿಟಕಿಯ ಚೆಂದ ಮಾತ್ರ ನೋಡಿ ಬಂದರೆ ಈ ಮನೆಯ ಅರ್ಧ ಕಥೆ ಬಿಟ್ಟ ಹಾಗೆ.

ಷೇಕ್ಸ್‌ಪಿಯರನ ಗ್ಲೋಬ್ ನಾಟಕಶಾಲೆ 1599ರಲ್ಲಿ ಎದ್ದದ್ದೂ ಇದೇ ಕ್ಲಿಂಕಿನ ನೆಲದಲ್ಲಿ, ಇದೇ ಕಾರಣಕ್ಕೆ. ನಗರದ ಹಿರಿಯರಿಗೆ ನಾಟಕ ಬೇಡವಾಗಿತ್ತು.

ಹಾಳಾದದ್ದು ಹೇಗೆ? ಬಿಷಪ್ಪರ ಅರಮನೆಗಳು ಒಂದೊಂದು ಒಂದೊಂದು ರೀತಿ ಸತ್ತಿವೆ. ಇದೇ ವಿಂಚೆಸ್ಟರ್ ಪೀಠದ ಬಿಷಪ್ಸ್ ವಾಲ್ಥಮ್ ಅರಮನೆ ರಾಜನಿಗೂ ಪಾರ್ಲಿಮೆಂಟಿಗೂ ನಡೆದ ಒಳಯುದ್ಧದಲ್ಲಿ, 1644ರಲ್ಲಿ, ಪಾರ್ಲಿಮೆಂಟಿನ ಸೈನ್ಯದ ಕೈಗೆ ಸಿಕ್ಕಿ ಸುಟ್ಟುಹೋಯಿತು. ವೇಲ್ಸಿನ ತುದಿಯಲ್ಲಿ ಸೇಂಟ್ ಡೇವಿಡ್ಸ್ ಅಂತ ಒಂದು ಪುಟ್ಟ ಊರಿದೆ. ಅಲ್ಲಿನ ಬಿಷಪ್ಪ ಹೆನ್ರಿ ಗವರ್ 14ನೇ ಶತಮಾನದಲ್ಲಿ ಕಟ್ಟಿಸಿದ ಅರಮನೆಯ ಗೋಡೆಗಳು ಇವತ್ತಿಗೂ ಕಮಾನಿನ ಸಾಲು ಹೊತ್ತು ನಿಂತಿವೆ. ಅಲ್ಲೂ ಹಜಾರಕ್ಕೆ ಚಕ್ರದಂಥ ದುಂಡು ಕಿಟಕಿ ಇದೆ. ಆದರೆ ತಲೆ ಮೇಲೆ ಸೂರಿಲ್ಲ. 16ನೇ ಶತಮಾನದ ಬಿಷಪ್ಪ ವಿಲಿಯಂ ಬಾರ್ಲೋ ಛಾವಣಿಯ ಸೀಸದ ತಗಡು ಕೀಳಿಸಿದ ಅಂತ ಹೇಳಿಕೆ. ಅವನಿಗೆ ಐದು ಹೆಣ್ಣುಮಕ್ಕಳು, ಐವರೂ ಬಿಷಪ್ಪರನ್ನೇ ಮದುವೆಯಾದರು. ಅವರ ಮದುವೆ ಖರ್ಚಿಗೆ ಸೀಸ ಮಾರಿದ ಅಂತ ಊರ ಕಥೆ. ನನಗೆ ಅದಕ್ಕಿಂತ ಇನ್ನೊಂದು ಕಾರಣ ನಂಬುವ ಹಾಗಿದೆ. ಅವನಿಗೆ ಪೀಠವನ್ನೇ ಅಲ್ಲಿಂದ ಕಾರ್ಮಾರ್ಥನ್ ಊರಿಗೆ ಸಾಗಿಸುವ ಹಂಬಲವಿತ್ತು. ಬಿಟ್ಟುಹೋಗುವ ಮನೆಯ ಸೂರು ಯಾರಿಗೆ ಬೇಕು? ಸೂರು ಹೋದ ಮನೆ ಏನಾಗುತ್ತದೆ ಅಂತ ಮಳೆನಾಡಿನ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಹೆಂಚು ಜಾರಿದ ಮನೆಯ ತೊಲೆ ಎಷ್ಟು ಮಳೆಗಾಲ ತಡೆದೀತು?

ಸದರ್ಕಿನ ಅರಮನೆ ಸತ್ತದ್ದು ನಿಧಾನಕ್ಕೆ. ಅಲ್ಲಿ ಕೊನೆಯದಾಗಿ ಬಾಳಿದ ದೊಡ್ಡ ಹೆಸರು ಲಾನ್ಸೆಲಾಟ್ ಆಂಡ್ರೂಸ್. 1611ರ ಪ್ರಸಿದ್ಧ ಇಂಗ್ಲಿಷ್ ಬೈಬಲ್ ಅನುವಾದದ ಹಿರಿಯರಲ್ಲಿ ಒಬ್ಬ. 1626ರಲ್ಲಿ ಈ ಮನೆಯಲ್ಲೇ ತೀರಿಕೊಂಡ. 1640ರ ದಶಕದ ಒಳಯುದ್ಧದಲ್ಲಿ ಬಿಷಪ್ಪರ ಪದವಿಯನ್ನೇ ರದ್ದು ಮಾಡಿದರು. ಅರಮನೆಯಲ್ಲಿ ರಾಜನ ಕಡೆಯವರನ್ನು ಸೆರೆ ಇಟ್ಟರು. ಜೈಲು ನಡೆಸಿದವರ ಮನೆಯೇ ಜೈಲಾಯಿತು. ರಾಜ, ಬಿಷಪ್ಪ ಇಬ್ಬರೂ 1660ರಲ್ಲಿ ಮರಳಿ ಬಂದರು. ಆದರೆ ಬಿಷಪ್ಪ ಈ ಮನೆಗೆ ಬರಲಿಲ್ಲ. ಚೆಲ್ಸಿಯಲ್ಲಿ ಬೇರೆ ಮನೆ ಮಾಡಿಕೊಂಡ. ಇದನ್ನು ತುಂಡು ತುಂಡು ಮಾಡಿ ಬಾಡಿಗೆಗೆ ಕೊಟ್ಟರು. ಹಜಾರದಲ್ಲಿ ಅಡ್ಡಗೋಡೆ ಎದ್ದವು. ಬಡ ಸಂಸಾರಗಳು, ಕಸುಬಿನವರು, ಗೋದಾಮುಗಳು ಬಂದವು. 1814ರಲ್ಲಿ ದೊಡ್ಡ ಬೆಂಕಿ ಬಿತ್ತು. ಹೆಚ್ಚಿನದು ಅದರಲ್ಲಿ ಹೋಯಿತು.

ಆ ಗೋಡೆ ಉಳಿದದ್ದು ಯಾಕೆ ಅಂತ ನೀವು ಕೇಳಿದ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ಯಾರೋ ಪುಣ್ಯಾತ್ಮರು ಕಾಪಾಡಿದ್ದಲ್ಲ. ಅದು ಉಪಯೋಗಕ್ಕೆ ಬಂತು, ಅದಕ್ಕೇ ಉಳಿಯಿತು. ಹಳೆಯ ಕಲ್ಲಿನ ಗೋಡೆ ದಪ್ಪ, ಗಟ್ಟಿ. ಸುಟ್ಟ ಜಾಗದಲ್ಲಿ ಮತ್ತೆ ಗೋದಾಮು ಕಟ್ಟುವವನಿಗೆ ಒಂದು ಕಡೆಯ ಗೋಡೆ ಪುಕ್ಕಟೆ ಸಿಕ್ಕ ಹಾಗೆ. ಅದನ್ನು ಕೆಡವಲು ಖರ್ಚು, ಬಿಟ್ಟರೆ ಲಾಭ. ಬೆಂಕಿಯ ನಂತರ ಕಿಟಕಿ ಬೆಳಕಿಗೆ ಬಂದಾಗ ಚಿತ್ರಗಾರರು ಓಡಿಬಂದು ಬರೆದುಕೊಂಡರು. ಆಮೇಲೆ ಅದು ಮತ್ತೆ ಗೋದಾಮುಗಳ ನಡುವೆ ಮರೆಯಾಯಿತು. ಇಟ್ಟಿಗೆ ಗೋಡೆಗಳ ಮಧ್ಯೆ, ಮಳೆ ಗಾಳಿ ಅಷ್ಟಾಗಿ ತಾಗದೆ, 14ನೇ ಶತಮಾನದ ಕಲ್ಲಿನ ಹೂವು ಕಾದುಕೊಂಡಿತು. 20ನೇ ಶತಮಾನದಲ್ಲಿ ನದಿ ದಂಡೆಯ ಗೋದಾಮುಗಳ ಕೆಲಸ ಮುಗಿದು, ಅವನ್ನು ಕೆಡವಿ ಕಚೇರಿ ಕಟ್ಟಲು ಹೊರಟಾಗ ಅದು ಪೂರ್ತಿ ಹೊರಗೆ ಬಂತು. 1980ರ ದಶಕದಲ್ಲಿ ಅಲ್ಲೆಲ್ಲ ಉತ್ಖನನ ನಡೆಯಿತು. ಅರಮನೆಯ ಅಡಿಯಲ್ಲಿ ರೋಮನ್ನರ ಕಾಲದ ಕಟ್ಟಡವೊಂದು ಸಿಕ್ಕಿತು. ಅದರ ಗೋಡೆಗೆ ಬಳಿದ ಬಣ್ಣದ ಚಿತ್ರ ಬಿದ್ದ ಜಾಗದಲ್ಲೇ ಮಲಗಿತ್ತು. ಲಂಡನ್ನಿನಲ್ಲಿ ಸಿಕ್ಕ ರೋಮನ್ ಗೋಡೆಚಿತ್ರಗಳಲ್ಲಿ ಅದು ಬಹಳ ಒಳ್ಳೆಯದು. ಬಿಷಪ್ಪ ಬರುವ ಸಾವಿರ ವರ್ಷ ಮುಂಚೆಯೇ ಯಾರಿಗೋ ಆ ದಂಡೆ ಇಷ್ಟವಾಗಿತ್ತು.

ಮತ್ತೆ ಹೋಗುವುದಾದರೆ ಬೆಳಿಗ್ಗೆ ಬೇಗ ಹೋಗಿ. ಮಾರ್ಕೆಟ್ಟಿನ ಜನಜಂಗುಳಿ ಶುರುವಾದರೆ ಆ ಗಲ್ಲಿಯಲ್ಲಿ ನಿಲ್ಲಲು ಜಾಗ ಸಿಗುವುದಿಲ್ಲ. ಟಿಕೆಟ್ ಇಲ್ಲ, ಬೀದಿಯಿಂದಲೇ ನೋಡುವುದು. ಕಟಕಟೆ ಹತ್ತಿರ ನಿಂತು ಮೊದಲು ಕೆಳಗಿನ ತೋಟ ನೋಡಿ, ಆಮೇಲೆ ಬಾಗಿಲು, ಕೊನೆಗೆ ಕಿಟಕಿ. ಅಲ್ಲಿಂದ ಎರಡೇ ನಿಮಿಷಕ್ಕೆ ಸದರ್ಕ್ ಕೆಥೆಡ್ರಲ್ ಸಿಗುತ್ತದೆ. ಅರಮನೆಯ ಕಾಲದಲ್ಲಿ ಅದಿನ್ನೂ ಕೆಥೆಡ್ರಲ್, ಅಂದರೆ ಬಿಷಪ್ಪರ ಪೀಠವಿರುವ ಮುಖ್ಯ ಚರ್ಚ್, ಆಗಿರಲಿಲ್ಲ, ಅದು 1905ರಲ್ಲಿ ಆದದ್ದು. ಸ್ಕಾಟ್ಲೆಂಡಿನ ರಾಜನ ಮದುವೆಯಾದ ಚರ್ಚ್ ಅದೇ. ಒಳಗೆ ಆಂಡ್ರೂಸನ ಸಮಾಧಿ ಇದೆ. ತೆಂಕಣ ಭಾಗದ ಒಂದು ಕಂಬದ ಮೇಲೆ ಅಗಲ ಅಂಚಿನ ಟೋಪಿ, ಅದರ ಕೆಳಗೆ ಒಂದು ಗುರಾಣಿ ಕೆತ್ತಿದ್ದಾರೆ. ಅದು ಮದುವೆ ಊಟ ಹಾಕಿಸಿದ ಬೋಫರ್ಟನ ಗುರುತು. ಅವನು ಕಾರ್ಡಿನಲ್ ಆದ ಮೇಲೆ ಆ ಟೋಪಿಯ ಹಕ್ಕು ಬಂತು.

ಇನ್ನು, ಬದುಕಿರುವ ಬಿಷಪ್ ಅರಮನೆ ಹೇಗಿರುತ್ತದೆ ಅಂತ ನೋಡಬೇಕಾದರೆ ದೂರ ಹೋಗಬೇಕಾಗಿಲ್ಲ. ನೀವು ಆವತ್ತೇ ಅದರ ಮುಂದೆ ನಡೆದಿದ್ದೀರಿ. ಬಸವಣ್ಣನವರ ಪ್ರತಿಮೆ ಇರುವ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಿಂದ ಹೊರಟು ಲ್ಯಾಂಬೆತ್ ಸೇತುವೆಯ ರಸ್ತೆ ದಾಟಿದ ಕೂಡಲೇ, ನದಿ ಎಡಕ್ಕೆ ಇರುವಾಗ ಬಲಗಡೆ, ಕೆಂಪು ಇಟ್ಟಿಗೆಯ ಜೋಡಿ ಗೋಪುರದ ಹೆಬ್ಬಾಗಿಲು ಇದೆ. ಅದು ಲ್ಯಾಂಬೆತ್ ಅರಮನೆ, ಕ್ಯಾಂಟರ್ಬರಿಯ ಆರ್ಚ್‌ಬಿಷಪ್ಪರ ಲಂಡನ್ ಮನೆ. ಹೆಬ್ಬಾಗಿಲು 15ನೇ ಶತಮಾನದ ಕೊನೆಯದ್ದು. ಅವರೂ ನದಿಯ ಇದೇ ದಂಡೆ ಆರಿಸಿಕೊಂಡರು, ಎದುರಿಗೆ ವೆಸ್ಟ್‌ಮಿನ್‌ಸ್ಟರ್ ಕಾಣುವ ಹಾಗೆ. ಮುಂದಿನ ಸಲ ಮಗಳನ್ನೂ ಕರೆದುಕೊಂಡು ಅಲ್ಲಿಂದಲೇ ನಡಿಗೆ ಶುರು ಮಾಡಿ, ಕ್ಲಿಂಕ್ ಸ್ಟ್ರೀಟಿಗೆ ಬನ್ನಿ.